ಬಿಡಲಾರದ್ದು, ಬಿಡಲಾಗದ್ದು

ಒಬ್ಬ ಮನುಷ್ಯ ಒಂದೇ ಕೆಲಸವನ್ನು ಮೂವತ್ತು ವರ್ಷ ಬಿಡದೆ ಮಾಡಿದನೆಂದರೆ ನಾವು ಅದನ್ನು ನಿಷ್ಠೆ ಎಂದು ಕರೆಯುತ್ತೇವೆ. ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ, ಹಣ್ಣಿನ ಬುಟ್ಟಿ ಕೊಡುತ್ತೇವೆ, ಅಭಿನಂದನಾ ಪತ್ರ ಓದುತ್ತೇವೆ. ಅವನು ಆ ಕೆಲಸವನ್ನು ಬಿಡಲಾರದೆ ಉಳಿದನೋ, ಬಿಡಲಾಗದೆ ಉಳಿದನೋ ಎಂದು ಮಾತ್ರ ಕೇಳುವುದಿಲ್ಲ. ಕೇಳಿದರೆ ಸಮಾರಂಭದ ಸೊಗಸು ಕೆಡುತ್ತದೆ. ಕನ್ನಡದಲ್ಲಿ ಈ ಎರಡು ಮಾತುಗಳ ನಡುವೆ ಒಂದೇ ಅಕ್ಷರದ ವ್ಯತ್ಯಾಸ. ಒಂದರಲ್ಲಿ ಬಿಡಲು ಮನಸ್ಸು ಒಪ್ಪುವುದಿಲ್ಲ, ಇನ್ನೊಂದರಲ್ಲಿ ಬಿಡಲು ಬದುಕು ಅವಕಾಶ ಕೊಡುವುದಿಲ್ಲ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ತರಹ ಕಾಣುತ್ತವೆ.

ಈ ವ್ಯತ್ಯಾಸವನ್ನು ತಾಳ್ಮೆಯಿಂದ ಹುಡುಕಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಟಾರಾ ಸ್ಕ್ಯಾನ್ಲನ್ ಮತ್ತು ಅವರ ಸಂಗಡಿಗರು. ಹಿಮದ ನೆಲದ ಮೇಲೆ ತೆಳ್ಳನೆಯ ಉಕ್ಕಿನ ಅಲಗು ಕಟ್ಟಿದ ಬೂಟು ತೊಟ್ಟು, ಸಂಗೀತಕ್ಕೆ ಸರಿಯಾಗಿ ಜಾರುತ್ತ, ಜಿಗಿಯುತ್ತ, ಗಾಳಿಯಲ್ಲಿ ಸುತ್ತುತ್ತ ನರ್ತಿಸುವ ಫಿಗರ್ ಸ್ಕೇಟಿಂಗ್ ಎಂಬ ಕ್ರೀಡೆಯನ್ನು ನಾವು ಟೀವಿಯಲ್ಲಿ ಕಂಡಿರುತ್ತೇವೆ. ಅದರಲ್ಲಿ ಉನ್ನತ ಮಟ್ಟದಲ್ಲಿ ಸ್ಪರ್ಧಿಸಿ ನಿವೃತ್ತರಾಗಿದ್ದ 26 ಮಂದಿಯನ್ನು ಇವರು ಮಾತಾಡಿಸಿದರು. ನಿಮಗೆ ಸಂತೋಷ ಕೊಟ್ಟದ್ದು ಯಾವುದು, ನಿಮ್ಮನ್ನು ಹಿಂಡಿದ್ದು ಯಾವುದು ಎಂಬುದು ಪ್ರಶ್ನೆಗಳ ತಿರುಳು. ಉತ್ತರಗಳು 1989 ಮತ್ತು 1991ರಲ್ಲಿ ಪ್ರಕಟವಾದವು. ಸಂತೋಷದ ಮೂಲಗಳಲ್ಲಿ ತನಗೆ ಇದು ಬರುತ್ತದೆ ಎಂಬ ಭರವಸೆ ಇತ್ತು, ನಾಲ್ಕು ಜನ ಗುರುತಿಸಿದ ಹೆಮ್ಮೆ ಇತ್ತು, ಗೆಳೆತನ ಮತ್ತು ಊರೂರು ಸುತ್ತುವ ಅವಕಾಶ ಇತ್ತು. ಇವೆಲ್ಲದರ ಜೊತೆಗೆ, ಯಾರೂ ನೋಡದಿದ್ದರೂ ಸರಿ, ಬರಿಯ ಜಾರುವಿಕೆಯದೇ ಒಂದು ಸುಖವಿತ್ತು. ಒತ್ತಡದ ಮೂಲಗಳಲ್ಲಿ ಸ್ಪರ್ಧೆಯ ಭಯ, ಹಣದ ಖರ್ಚು, ಕಳೆದುಕೊಂಡ ಸಮಯ, ಗಾಯ, ಹತ್ತಿರದವರ ಜೊತೆ ಕೆಟ್ಟ ಸಂಬಂಧ, ತನ್ನೊಳಗಿನ ಅನುಮಾನ ಇವೆಲ್ಲ ಇದ್ದವು. ಓದುವವರಿಗೆ ಹೊಳೆಯುವುದು ಇಷ್ಟು: ಎರಡೂ ಪಟ್ಟಿಗಳು ಬೇರೆ ಬೇರೆ ಊರಿನವಲ್ಲ. ನಮ್ಮನ್ನು ಎತ್ತಿ ನಿಲ್ಲಿಸುವ ಜನರೇ ನಮ್ಮನ್ನು ಹಿಂಡುತ್ತಾರೆ. ಹೊಗಳಿಕೆ ಒಂದು ಪಟ್ಟಿಯಲ್ಲಿದ್ದರೆ ನಿರೀಕ್ಷೆ ಇನ್ನೊಂದರಲ್ಲಿದೆ. ನಿನ್ನೆಯ ಹೊಗಳಿಕೆಯೇ ಇಂದಿನ ನಿರೀಕ್ಷೆಯಲ್ಲವೆ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನಮಗೆ ಈ ಹಿಮದ ಮಾತು ಯಾಕೆ ಎಂದು ಕೇಳಬಹುದು. ಇಲ್ಲಿ ಬೀಳುವುದು ಮಳೆ ಮಾತ್ರ. ಆದರೆ ಬೆಳಕಿನ ನಡುವೆ ಒಂದು ದೇಹ ಸುತ್ತುತ್ತ, ಜಿಗಿಯುತ್ತ, ಸಾವಿರ ಕಣ್ಣುಗಳ ಎದುರು ಪರೀಕ್ಷೆಗೆ ನಿಲ್ಲುವುದನ್ನು ನಾವು ತಲೆಮಾರುಗಳಿಂದ ನೋಡಿದ್ದೇವೆ. ಗದ್ದೆ ಕೊಯ್ಲು ಮುಗಿದು ಅಡಿಕೆಯ ಗಡಿಬಿಡಿ ತಗ್ಗುವ ಹೊತ್ತಿಗೆ ಘಟ್ಟದ ಕೆಳಗಿನ ಯಕ್ಷಗಾನ ಮೇಳಗಳು ಆಗುಂಬೆ ಹತ್ತಿ ಬರುತ್ತವೆ. ಮಂದರ್ತಿ ಮೇಳದ ಹರಕೆ ಆಟಗಳು ಮಲೆನಾಡಿನ ಮನೆಯಂಗಳಗಳಲ್ಲಿ, ಕೊಯ್ದ ಗದ್ದೆಗಳಲ್ಲಿ ನಡೆಯುತ್ತ ಬಂದಿವೆ. ಹರಕೆ ಯಾರದೇ ಇರಲಿ, ಆಟ ಎಲ್ಲರದು. ಚಂಡೆಯ ಸದ್ದು ಕೇಳಿದರೆ ಕಂಬಳಿ ಹೊದ್ದು ಹೊರಡುವವರಲ್ಲಿ ಅಡಿಕೆ ವ್ಯಾಪಾರದ ಸಾಹೇಬರೂ ಇರುತ್ತಿದ್ದರು, ನರಸಿಂಹರಾಜಪುರದ ಕಡೆಯ ರಬ್ಬರ್ ತೋಟದ ಕ್ರೈಸ್ತರೂ ಇರುತ್ತಿದ್ದರು. ಘಟ್ಟದ ಕೆಳಗೆ, 'ಬಪ್ಪನಾಡು ಕ್ಷೇತ್ರ ಮಹಾತ್ಮೆ'ಯಲ್ಲಿ ಮುಸ್ಲಿಂ ವ್ಯಾಪಾರಿ ಬಪ್ಪ ಬ್ಯಾರಿಯ ಪಾತ್ರವನ್ನು ಶೇಣಿ ಗೋಪಾಲಕೃಷ್ಣ ಭಟ್ಟರು ಮಾಡಿದ ರೀತಿಯನ್ನು ಬ್ಯಾರಿಗಳೂ ನೆನೆಯುತ್ತಾರೆ. ಆದ್ದರಿಂದ ಯಕ್ಷಗಾನದ ಕಲಾವಿದನ ಬಗ್ಗೆ ಮಾತಾಡುವಾಗ ನಾವು ಬೇರೆಯವರ ಮನೆಯ ವಿಷಯಕ್ಕೆ ಕೈಹಾಕುತ್ತಿಲ್ಲ.

ಈ ಕಲಾವಿದನ ಒಂದು ದಿನ ಹೇಗಿರುತ್ತದೆ? ಸಂಜೆ ಚೌಕಿಯಲ್ಲಿ ಕನ್ನಡಿ ಹಿಡಿದು ಕೂತರೆ ಮುಖದ ಬಣ್ಣಕ್ಕೇ ಗಂಟೆ ಹಿಡಿಯುತ್ತದೆ. ಆಮೇಲೆ ಬಿಗಿಯಾದ ಕಟ್ಟು, ಭುಜಕೀರ್ತಿ, ಎದೆಪದಕ, ಕೇದಗೆ ಮುಂದಲೆ ಅಥವಾ ಕಿರೀಟ, ಕಾಲಿಗೆ ಗೆಜ್ಜೆ. ಇಷ್ಟು ಭಾರ ಹೊತ್ತು ಕುಣಿಯಬೇಕು, ಕುಣಿದ ಏದುಸಿರಿನಲ್ಲೇ ಅರ್ಥ ಹೇಳಬೇಕು. ಫಿಗರ್ ಸ್ಕೇಟರಿಗೆ ಕಡೆಗೆ ಮಾತಾಡುವ ಕಷ್ಟವಾದರೂ ಇಲ್ಲ; ಹೆಂಗಸರ ಮುಖ್ಯ ಸುತ್ತಿನ ಪ್ರದರ್ಶನ ಸುಮಾರು 4 ನಿಮಿಷದ್ದು. ನಮ್ಮವನದು ರಾತ್ರಿಯಿಡೀ. ಬೆಳಗಿನ ಜಾವ ಮುಖ ತೊಳೆದು, ಲಾರಿಯ ಹಿಂದೆ ಬಸ್ಸು ಹತ್ತಿ, ಇನ್ನೊಂದು ಊರಿನ ಶಾಲೆಯ ಜಗಲಿಯಲ್ಲೋ ದೇವಸ್ಥಾನದ ಚಾವಡಿಯಲ್ಲೋ ಹಗಲು ನಿದ್ದೆ. ಸಂಜೆ ಮತ್ತೆ ಬಣ್ಣ. ನವೆಂಬರ್-ಡಿಸೆಂಬರಿನಿಂದ ಮೇ ತಿಂಗಳ ಕೊನೆಯವರೆಗೆ, ಸುಮಾರು ಆರು ತಿಂಗಳು ಹೀಗೆ. ಹರಕೆಯ ಮೇಳಗಳಿಗೆ ಭಾನುವಾರ ಎಂಬುದಿಲ್ಲ.

ಬಡಗುತಿಟ್ಟಿನಲ್ಲಿ ಮಂಡಿ ಎಂಬುದೊಂದಿದೆ. ಮೊಣಕಾಲೂರಿ ರಂಗಸ್ಥಳದ ಉದ್ದಗಲಕ್ಕೆ ಚಕ್ರದಂತೆ ಸುತ್ತುವುದು. ತೆಂಕಿನಲ್ಲಿ ಧಿಗಿಣ, ನೆಲ ಬಿಟ್ಟು ಹಾರಿ ಸುತ್ತುವುದು. ಎರಡೂ ಒಂದು ಭಾವಕ್ಕೆ, ಒಂದು ಸಂದರ್ಭಕ್ಕೆ ಇದ್ದವು; ಅಭಿಮನ್ಯುವಿನ ಉತ್ಸಾಹ ಕಾಲಿಗೆ ಇಳಿದು ಬರುವುದಕ್ಕೆ. ಆದರೆ ನಾವು ಎಣಿಸಲು ಕಲಿತೆವು. ಎಷ್ಟು ಮಂಡಿ ಹಾಕಿದ, ಎಷ್ಟು ಧಿಗಿಣ ಹಾರಿದ ಎಂಬುದರ ಮೇಲೆ ಶಿಳ್ಳೆ ಬೀಳುತ್ತದೆ. ಹೋದ ವರ್ಷ ಇಪ್ಪತ್ತು ಹಾಕಿದವನು ಈ ವರ್ಷ ಹದಿನೈದಕ್ಕೆ ನಿಂತರೆ 'ಅವ ಮೊದಲಿನ ಹಾಗಿಲ್ಲ ಮಾರಾಯ' ಎಂಬ ಮಾತು ಮುಂದಿನ ಸಾಲಿನಲ್ಲೇ ಕೇಳುತ್ತದೆ. ಅವನಿಗೂ ಕೇಳುತ್ತದೆ. ಮೊಣಕಾಲು ಹೇಳುವುದು ಒಂದು, ಮುಂದಿನ ಸಾಲು ಹೇಳುವುದು ಇನ್ನೊಂದು. ಸ್ಕೇಟಿಂಗಿನಲ್ಲೂ ಹೀಗೆಯೇ ಆಯಿತು. ಗಾಳಿಯಲ್ಲಿ ನಾಲ್ಕು ಸುತ್ತು ಸುತ್ತುವ ಜಿಗಿತಕ್ಕೆ ಹೆಚ್ಚು ಅಂಕ ಎಂದಾದ ಮೇಲೆ, ಹಗುರ ಮೈಯ ಸಣ್ಣ ಹುಡುಗಿಯರನ್ನು ಹಾರಿಸುವುದೇ ತರಬೇತಿಯಾಯಿತು. ಕೆಳಗೆ ಇಳಿಯುವಾಗ ಒಂದು ಕಾಲಿನ ಮೇಲೆ ಬೀಳುವ ಭಾರ ದೇಹತೂಕದ ಹಲವು ಪಟ್ಟು.

ಹಾಗಾದರೆ ಇದರಲ್ಲಿ ಸಂತೋಷ ಇಲ್ಲವೆ? ಖಂಡಿತ ಇದೆ, ಅದನ್ನು ಅಲ್ಲಗಳೆಯುವುದು ಕಲಾವಿದನಿಗೆ ಮಾಡುವ ಅವಮಾನ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟುತ್ತಿದ್ದರು. 2012ರಲ್ಲಿ ಪದ್ಮಶ್ರೀ ಬಂದ ಮೇಲೆ ಅವರು ಹಾಯಾಗಿ ಮನೆಯಲ್ಲಿ ಕೂರಬಹುದಿತ್ತು. 2017ರಲ್ಲಿ ತೀರಿಕೊಳ್ಳುವವರೆಗೆ ಅವರು ಕೂರಲಿಲ್ಲ. ಅವರ ಭಸ್ಮಾಸುರನನ್ನು, ಕೀಚಕನನ್ನು ಕಂಡವರಿಗೆ ಗೊತ್ತು, ಆ ಕಾಲುಗಳು ಸಂಬಳಕ್ಕೆ ಕುಣಿಯುತ್ತಿರಲಿಲ್ಲ. ಕೆರೆಮನೆ ಶಂಭು ಹೆಗಡೆಯವರು 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ವೇಷ ಮಾಡಿದ್ದಾಗಲೇ ಅಸ್ವಸ್ಥರಾಗಿ ತೀರಿಕೊಂಡರು. ತಂದೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಮಂಡಳಿಯನ್ನು ಅವರು ಬೆಳೆಸಿದ್ದು ಬೇರೆ ದಾರಿ ಇಲ್ಲದೆ ಅಲ್ಲ. ಇಂಥವರದು ಬಿಡಲಾರದ ನಿಷ್ಠೆ. ಅದರ ಎದುರು ತಲೆಬಾಗಬೇಕಾದ್ದೇ.

ತೊಂದರೆ ಇರುವುದು ನಾವು ಈ ದೊಡ್ಡವರ ಉದಾಹರಣೆಯನ್ನು ಸಣ್ಣವರ ಮೇಲೆ ಹೊರಿಸುವಲ್ಲಿ. ಶಂಭು ಹೆಗಡೆಯವರ ಸಾವನ್ನು ನಾವು 'ಕಲಾವಿದನಿಗೆ ಬೇಕಾದ ಸಾವು' ಎಂದು ಕೊಂಡಾಡಿದೆವು. ಯಾರಿಗೆ ಬೇಕಾದ ಸಾವು? ಕೋಡಂಗಿಯಿಂದ ಶುರುಮಾಡಿ ಇಪ್ಪತ್ತೈದು ವರ್ಷದಲ್ಲಿ ಎರಡನೆಯ ವೇಷಕ್ಕೂ ಬಾರದೆ, ಮಳೆಗಾಲದಲ್ಲಿ ಕೂಲಿಗೆ ಹೋಗಿ, ಮಗಳ ಫೀಸಿಗೆ ಮೇಳದ ಯಜಮಾನರಿಂದ ಮುಂಗಡ ಪಡೆದವನಿಗೂ ಅದೇ ಸಾವು ಬೇಕೆ? ಮುಂಗಡ ತೀರುವವರೆಗೆ ಅವನು ಬರುವ ವರ್ಷವೂ ಮೇಳದಲ್ಲೇ ಇರುತ್ತಾನೆ. ಅಭಿನಂದನಾ ಪತ್ರದಲ್ಲಿ ಅದಕ್ಕೂ 'ಕಲಾಸೇವೆ' ಎಂದೇ ಬರೆಯುತ್ತಾರೆ.

ಸ್ಕ್ಯಾನ್ಲನ್ ಮತ್ತು ಸಂಗಡಿಗರು 1993ರಲ್ಲಿ ಈ ಬಗ್ಗೆ ಒಂದು ಸಿದ್ಧಾಂತವನ್ನೇ ಮುಂದಿಟ್ಟರು. ಒಬ್ಬ ಆಟಗಾರ ಆಟದಲ್ಲಿ ಮುಂದುವರಿಯುವುದಕ್ಕೆ ಸಂತೋಷ ಒಂದು ಕಾರಣ ಮಾತ್ರ. ಇದುವರೆಗೆ ಸುರಿದ ಶ್ರಮ ಮತ್ತು ಹಣ ಇನ್ನೊಂದು. ಬೇರೆ ದಾರಿ ಇದೆಯೋ ಇಲ್ಲವೋ ಎಂಬುದು ಮತ್ತೊಂದು. ಬಿಟ್ಟರೆ ಜನ ಏನೆಂದಾರು ಎಂಬ ಸಂಕೋಚ, ಉಳಿದರೆ ಮುಂದೆ ಸಿಗಬಹುದಾದ ಅವಕಾಶ, ಇವೂ ಲೆಕ್ಕಕ್ಕೆ ಬರುತ್ತವೆ. ಮುಂದೆ ಅವರ ಬಳಗ ಉತ್ಸಾಹದ ಬದ್ಧತೆ, ಕಟ್ಟಿಹಾಕಿದ ಬದ್ಧತೆ ಎಂದು ಎರಡನ್ನು ಬೇರೆಮಾಡಿ ನೋಡಿತು. ಇದನ್ನು ಓದಿದಾಗ ನಮಗೆ ಥಟ್ಟನೆ ನೆನಪಾದದ್ದು ಮೇಳವಲ್ಲ, ತೋಟ.

ಈ ಮೂರು ತಾಲೂಕಿನವರಿಗೆ ಹಳದಿ ಎಲೆ ರೋಗದ ಬಗ್ಗೆ ಹೇಳಿಕೊಡಬೇಕಾಗಿಲ್ಲ. ದೂರದ ಓದುಗರಿಗಾಗಿ ಹೇಳುವುದಾದರೆ, ಅಡಿಕೆ ಮರದ ಸೋಗೆ ತುದಿಯಿಂದ ಹಳದಿಯಾಗುತ್ತ ಬರುತ್ತದೆ, ಕಾಯಿ ಉದುರುತ್ತದೆ, ಶಿರ ಸಣ್ಣದಾಗುತ್ತದೆ, ವರ್ಷದಿಂದ ವರ್ಷಕ್ಕೆ ಫಸಲು ಇಳಿಯುತ್ತದೆ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಇದಕ್ಕೆ ಕಾರಣ ಎನ್ನುತ್ತಾರೆ ವಿಜ್ಞಾನಿಗಳು. ಗುಣಪಡಿಸುವ ಮದ್ದಿಲ್ಲ. ದಶಕಗಳಿಂದ ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ತೋಟಗಳನ್ನು ಇದು ತಿಂದಿದೆ. ಸಾಲದೆಂಬಂತೆ ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿತು. ಆದರೂ ಬೇಸಾಯಗಾರ ತೋಟ ಬಿಡುವುದಿಲ್ಲ. ಬುಡ ಬಿಡಿಸುತ್ತಾನೆ, ಸೊಪ್ಪು ಗೊಬ್ಬರ ಹಾಕುತ್ತಾನೆ, ಮಳೆಗೆ ಮೊದಲು ಬೋರ್ಡೋ ದ್ರಾವಣ ಹೊಡೆಸುತ್ತಾನೆ. ನೀವು ಕೇಳಿ ನೋಡಿ: 'ಅಜ್ಜ ಹಾಕಿದ ತೋಟ, ಹ್ಯಾಗೆ ಬಿಡೂದು?' ಎನ್ನುತ್ತಾನೆ. ಅದೇ ಉಸಿರಿನಲ್ಲಿ, 'ಬಿಟ್ಟು ಮತ್ತೆ ಎಲ್ಲಿಗೆ ಹೋಗೂದು?' ಎನ್ನುತ್ತಾನೆ. ಮೊದಲನೆಯದು ಬಿಡಲಾರದ್ದು, ಎರಡನೆಯದು ಬಿಡಲಾಗದ್ದು. ಎರಡೂ ಒಂದೇ ಮನುಷ್ಯನ ಒಂದೇ ಮಾತಿನಲ್ಲಿವೆ. ಪುಸ್ತಕದಲ್ಲಿ ಬೇರೆಮಾಡಿದಷ್ಟು ಸುಲಭವಾಗಿ ಬದುಕಿನಲ್ಲಿ ಇವನ್ನು ಬೇರೆಮಾಡಲು ಬರುವುದಿಲ್ಲ. ಸ್ವತಃ ಅವನಿಗೇ ಗೊತ್ತಿರುವುದಿಲ್ಲ. ಬೇರೆ ದಾರಿ ಇಲ್ಲದವನು ಇರುವ ದಾರಿಯನ್ನೇ ಪ್ರೀತಿಸಲು ಕಲಿಯುತ್ತಾನೆ; ಆ ಪ್ರೀತಿ ಸುಳ್ಳೆಂದು ಹೇಳಲು ನಮಗೆ ಧೈರ್ಯ ಬರುವುದಿಲ್ಲ.

ಹಾಗಿದ್ದರೆ ನಿಷ್ಠೆ ಯಾವುದು, ಕಟ್ಟು ಯಾವುದು ಎಂದು ತಿಳಿಯುವುದು ಹೇಗೆ? ನಮಗೆ ತೋರುವ ಒಂದೇ ಪರೀಕ್ಷೆ, ಬಾಗಿಲು ತೆರೆದಿಟ್ಟು ನೋಡುವುದು. ಹೋಗಬಹುದಾಗಿದ್ದೂ ಉಳಿದವನದು ನಿಷ್ಠೆ. ಬಾಗಿಲು ಮುಚ್ಚಿದ್ದಾಗ ಒಳಗಿರುವವನ ಬಗ್ಗೆ ನಾವು ಏನನ್ನೂ ಹೇಳುವಂತಿಲ್ಲ, ಹೊಗಳುವಂತೆಯೂ ಇಲ್ಲ.

ಹಿಮದ ಅಂಗಳದಲ್ಲಿ ಈ ಪರೀಕ್ಷೆ ಈಚೆಗೆ ನಡೆದೇಹೋಯಿತು. 2022ರ ಫೆಬ್ರವರಿಯಲ್ಲಿ ಬೀಜಿಂಗ್ ಒಲಿಂಪಿಕ್ಸಿನಲ್ಲಿ ರಷ್ಯಾದ ಕಮಿಲಾ ವಲಿಯೇವಾ ಎಂಬ 15 ವರ್ಷದ ಹುಡುಗಿ ಜಗತ್ತಿನ ಕಣ್ಣೆದುರು ಕುಸಿದಳು. ಉದ್ದೀಪನ ಮದ್ದಿನ ಆರೋಪದ ಸುದ್ದಿ ಹೊರಬಿದ್ದ ಮೇಲೂ ಅವಳನ್ನು ಸ್ಪರ್ಧೆಗೆ ಇಳಿಸಲಾಗಿತ್ತು. ಮತ್ತೆ ಮತ್ತೆ ಬಿದ್ದು ನಾಲ್ಕನೆಯವಳಾದಳು. ಅದೇ ರಾತ್ರಿ ಬೆಳ್ಳಿ ಗೆದ್ದ ಅವಳದೇ ದೇಶದ ಅಲೆಕ್ಸಾಂಡ್ರಾ ತ್ರುಸೋವಾ, ತನಗೆ ಈ ಆಟವೇ ಬೇಡ ಎಂದು ಅಳುತ್ತ ಕೂಗಿದ್ದನ್ನೂ ಜಗತ್ತು ಕೇಳಿತು. ಅವಳಿಗೆ ಆಗ 17. ಅದೇ ವರ್ಷದ ಜೂನಿನಲ್ಲಿ ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ, ಹಿರಿಯರ ವಿಭಾಗದಲ್ಲಿ ಸ್ಪರ್ಧಿಸಲು ಬೇಕಾದ ವಯಸ್ಸನ್ನು ಹಂತಹಂತವಾಗಿ 15ರಿಂದ 17ಕ್ಕೆ ಏರಿಸಲು ತೀರ್ಮಾನಿಸಿತು.

ಅದೇ ಬೀಜಿಂಗಿನಲ್ಲಿ ಅಮೆರಿಕದ ಅಲಿಸಾ ಲಿಯು ಎಂಬ ಹುಡುಗಿಯೂ ಇದ್ದಳು. 13ನೆಯ ವಯಸ್ಸಿಗೇ, 2019ರಲ್ಲಿ, ತನ್ನ ದೇಶದ ಚಾಂಪಿಯನ್ ಆಗಿದ್ದವಳು. ಬೀಜಿಂಗ್ ಮುಗಿದ ಮೇಲೆ, 2022ರ ಏಪ್ರಿಲ್‌ನಲ್ಲಿ, 16ನೆಯ ವಯಸ್ಸಿನಲ್ಲಿ ಸಾಕು ಎಂದು ಹೇಳಿ ಹೊರನಡೆದಳು. ನಮ್ಮಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಎಷ್ಟು ಮಾತು! ತಂದೆ ಸುರಿದ ಹಣ, ಗುರುಗಳ ಶ್ರಮ, ಊರಿನ ಮರ್ಯಾದೆ. ಅವಳು ಕಾಲೇಜಿಗೆ ಹೋದಳು, ಗೆಳತಿಯರ ಜೊತೆ ತಿರುಗಾಡಿದಳು. ಸುಮಾರು ಎರಡು ವರ್ಷದ ಬಳಿಕ ಒಂದು ಪ್ರವಾಸದಲ್ಲಿ ಹಿಮದ ಇಳಿಜಾರಿನಲ್ಲಿ ಸ್ಕೀಯಿಂಗ್ ಮಾಡುವಾಗ ಹಳೆಯ ಹುಮ್ಮಸ್ಸು ಮರುಕಳಿಸಿತಂತೆ. 2024ರಲ್ಲಿ ಹಿಂದಿರುಗಿದಳು. ಆದರೆ ಈ ಸಲ ಸಂಗೀತ ಯಾವುದು, ಉಡುಪು ಯಾವುದು, ಎಷ್ಟು ಹೊತ್ತು ಅಭ್ಯಾಸ ಎಂಬುದರಲ್ಲಿ ತನ್ನ ಮಾತು ನಡೆಯಬೇಕು ಎಂದಳು. 2025ರ ಮಾರ್ಚಿನಲ್ಲಿ ಬಾಸ್ಟನ್ನಿನಲ್ಲಿ ವಿಶ್ವ ಚಾಂಪಿಯನ್ ಆದಳು. ಗೆದ್ದದ್ದಕ್ಕಾಗಿ ಈ ಕಥೆ ಹೇಳುತ್ತಿಲ್ಲ. ಸೋತಿದ್ದರೂ ನಮ್ಮ ಪಾಲಿಗೆ ಕಥೆಯ ಬೆಲೆ ಅಷ್ಟೇ. ಬಿಟ್ಟು ಹೋದವಳು ಮರಳಿ ಬಂದಾಗ, ಅವಳಿಗೆ ಅದು ಬೇಕಿತ್ತು ಎಂಬುದು ಅವಳಿಗೂ ನೋಡುವವರಿಗೂ ಅನುಮಾನವಿಲ್ಲದೆ ತಿಳಿಯಿತು. ಬಿಡದೇ ಹೋಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಇಲ್ಲೊಂದು ಆಕ್ಷೇಪ ಬರುತ್ತದೆ, ಬರಬೇಕು ಕೂಡ. ಕಷ್ಟವಿಲ್ಲದೆ ಕಲೆ ಉಂಟೆ? ಬೇಸರ ಬಂದಾಗಲೆಲ್ಲ ಎದ್ದು ಹೋಗುವವನು ಏನನ್ನಾದರೂ ಕಲಿತಾನೆಯೆ? ಚೌಕಿಯಲ್ಲಿ ಪೆಟ್ಟು ತಿಂದು, ನಿದ್ದೆಗೆಟ್ಟು ಕಲಿತ ಹಿರಿಯರು ಈ ಪ್ರಶ್ನೆ ಕೇಳಿದರೆ ತಳ್ಳಿಹಾಕುವಂತಿಲ್ಲ. ಸಂತೋಷ ಎಂದರೆ ಸುಲಭ ಎಂದಲ್ಲ. ಆ 26 ಮಂದಿ ಸ್ಕೇಟರುಗಳಿಗೆ ಸಂತೋಷ ಕೊಟ್ಟದ್ದರಲ್ಲಿ ಬಹುಪಾಲು ಬೆವರು ಸುರಿಸದೆ ಬರುವಂಥದ್ದಲ್ಲ. ಆದರೆ ತಾನೇ ಆರಿಸಿಕೊಂಡ ಕಷ್ಟಕ್ಕೂ ಇನ್ನೊಬ್ಬರು ಹೊರಿಸಿದ ಕಷ್ಟಕ್ಕೂ ವ್ಯತ್ಯಾಸ ಇದೆ. ರಂಜಾನಿನ ಉಪವಾಸ ಹಿಡಿದವನ ಹಸಿವೂ ಒಲೆ ಹೊತ್ತದ ಮನೆಯವನ ಹಸಿವೂ ಹೊಟ್ಟೆಗೆ ಒಂದೇ ಇರಬಹುದು, ಮನುಷ್ಯನಿಗೆ ಒಂದೇ ಅಲ್ಲ. ನಿನ್ನ ದೇಹಕ್ಕೂ ನಿನ್ನ ಮೇಲೆ ಹಕ್ಕಿದೆ ಎಂಬ ಮಾತನ್ನು ಮುಸ್ಲಿಂ ಮನೆಗಳ ಹಿರಿಯರು, ಉಪವಾಸವನ್ನೂ ಅತಿ ಮಾಡುವವರಿಗೆ ನೆನಪಿಸುವುದುಂಟು. ದೇವರ ಹೆಸರಿನ ಶ್ರಮಕ್ಕೇ ಈ ಮಿತಿ ಇದ್ದರೆ, ನಮ್ಮ ಶಿಳ್ಳೆಗಾಗಿ ಪಡುವ ಶ್ರಮಕ್ಕೆ ಇರಬೇಡವೆ?

2022ರಲ್ಲಿ ಕಟೀಲು ಮೇಳಗಳು ಇಡೀ ರಾತ್ರಿಯ ಆಟ ನಿಲ್ಲಿಸಿ ಕಾಲಮಿತಿಗೆ ಬಂದಾಗ ದೊಡ್ಡ ಚರ್ಚೆ ನಡೆಯಿತು. ಕಾರಣ ರಾತ್ರಿಯ ಧ್ವನಿವರ್ಧಕದ ನಿಯಮವಾಗಿತ್ತೇ ಹೊರತು ಕಲಾವಿದರ ನಿದ್ದೆಯಾಗಿರಲಿಲ್ಲ. ಪರಂಪರೆ ಹೋಯಿತು, ಹರಕೆಗೆ ಭಂಗ ಬಂತು, ಪ್ರಸಂಗ ಮೊಟಕಾಯಿತು ಎಂದು ಒಂದು ಕಡೆ. ಕಾಲ ಬದಲಾಗಿದೆ, ನಡುರಾತ್ರಿಯ ಮೇಲೆ ಬಯಲು ಖಾಲಿ ಎಂದು ಇನ್ನೊಂದು ಕಡೆ. ಎರಡೂ ಕಡೆಯವರು ಆಡಿದ್ದು ಕಲೆಯ ಬಗ್ಗೆ, ಪ್ರೇಕ್ಷಕರ ಬಗ್ಗೆ, ದೇವಿಯ ಬಗ್ಗೆ. ಬೆಳಗಿನ ಜಾವದ ಬಣ್ಣದ ವೇಷದವನು ಮನೆಗೆ ಹೋಗಿ ಮಕ್ಕಳ ಜೊತೆ ಊಟ ಮಾಡಬಹುದೆ ಎಂಬ ಮಾತು ಅಲ್ಲಲ್ಲಿ ಬಂದರೂ ಅದು ಚರ್ಚೆಯ ನಡುಮನೆಗೆ ಬರಲಿಲ್ಲ. ಇಡೀ ರಾತ್ರಿಯ ಆಟದ ಸೊಗಸು ನಮಗೂ ಗೊತ್ತು. ಬೆಳಕು ಹರಿಯುವ ಹೊತ್ತಿನ ಭಾಗವತಿಕೆಗೆ ಸಮನಾದದ್ದು ಬೇರೆ ಇಲ್ಲ. ಆದರೆ ಆ ಸೊಗಸನ್ನು ವರ್ಷಕ್ಕೆ ಒಂದೆರಡು ರಾತ್ರಿ ಸವಿಯುವ ನಾವು, ನೂರೈವತ್ತಕ್ಕೂ ಹೆಚ್ಚು ರಾತ್ರಿ ಅದನ್ನು ಮೈಯಲ್ಲಿ ಹೊರುವವನ ಪರವಾಗಿ ಮತ ಹಾಕುವುದು ಸರಿಯಲ್ಲ.

ಬಾಗಿಲು ತೆರೆಯುವ ಕೆಲಸ ಅಲ್ಲಲ್ಲಿ ನಡೆದಿದೆ. 1975ರಲ್ಲಿ ಹುಟ್ಟಿದ ಉಡುಪಿಯ ಯಕ್ಷಗಾನ ಕಲಾರಂಗ ಕಲಾವಿದರಿಗೆ ವಿಮೆ, ಬಡ ವಿದ್ಯಾರ್ಥಿಗಳಿಗೆ ನೆರವು, ಮನೆ ಎಂದು ಬಹಳ ಮಾಡಿದೆ. ಭಾಗವತ ಪಟ್ಲ ಸತೀಶ್ ಶೆಟ್ಟರು 2015ರಲ್ಲಿ ಕಟ್ಟಿದ ಯಕ್ಷಧ್ರುವ ಪಟ್ಲ ಫೌಂಡೇಶನ್ ಕೂಡ ಇದೇ ದಾರಿಯಲ್ಲಿದೆ. ಇದನ್ನು ದಾನ ಎಂದು ನೋಡುವವರಿದ್ದಾರೆ. ನಾವು ಹಾಗೆ ನೋಡುವುದಿಲ್ಲ. ತಲೆಯ ಮೇಲೊಂದು ಸೂರು, ಆಸ್ಪತ್ರೆಯ ಖರ್ಚಿಗೆ ವಿಮೆ ಇರುವ ಕಲಾವಿದ ಮೇಳ ಬಿಡುವ ಶಕ್ತಿ ಪಡೆಯುತ್ತಾನೆ. ಅವನು ಬಿಡದೆ ಉಳಿದರೆ ಆಗ ಶಾಲು ಹೊದಿಸಲು ನಮಗೆ ನಿಜವಾದ ಕಾರಣ ಸಿಗುತ್ತದೆ.

ಮಲೆನಾಡಿನಲ್ಲಿ ಆಟ ಆಡಿಸುವ ಮನೆಯವರು ಊಟಕ್ಕೆ ಕೊರತೆ ಮಾಡುವುದಿಲ್ಲ. ಮೇಳದವರಿಗೆ ಬಾಳೆಲೆ ಹಾಕಿ ಬಡಿಸುವುದರಲ್ಲಿ ಶೃಂಗೇರಿ, ಕೊಪ್ಪದ ಕಡೆಯವರನ್ನು ಮೀರಿಸುವವರಿಲ್ಲ. ಆದರೆ ಬೆಳಿಗ್ಗೆ ಆರು ಗಂಟೆಗೆ ಬಣ್ಣ ತೊಳೆದವರಿಗೆ ಒಂದು ಕತ್ತಲೆ ಕೋಣೆ, ಒಂದು ಚಾಪೆ, ಯಾರೂ ಎಬ್ಬಿಸದ ನಾಲ್ಕು ಗಂಟೆ ಹೊತ್ತು, ಇದು ನಮ್ಮ ಆತಿಥ್ಯದ ಪಟ್ಟಿಯಲ್ಲಿ ಇನ್ನೂ ಸೇರಿಲ್ಲ. ಈ ಸಲ ಆಟಕ್ಕೆ ವೀಳ್ಯ ಕೊಡುವವರು ಯಾವ ಪ್ರಸಂಗ, ಯಾರು ಭಾಗವತರು ಎಂದು ಕೇಳಿದ ಮೇಲೆ, ಮೇಳದವರು ಹಗಲು ಎಲ್ಲಿ ಮಲಗುತ್ತಾರೆ ಎಂದೂ ಒಮ್ಮೆ ಕೇಳಿ ನೋಡಬಹುದು. ಅಡಿಕೆ ಸುಲಿದು ಮುಗಿದ ಮನೆಯಲ್ಲಿ ಜಾಗಕ್ಕೇನೂ ಬರ ಇರುವುದಿಲ್ಲ.